ಮುಳ್ಳುಂಡೆಗೊಂದು ಜೋಡಿ

ವರಲಕ್ಷ್ಮಮ್ಮನವರ ಮನೆಯಲ್ಲಿ ಮೊದಲ ಮರ್ಯಾದೆ ರೇಷ್ಮೆಹುಳುಗಳಿಗೆ, ಎರಡನೆಯದು ಹಸುಗಳಿಗೆ, ಮೂರನೆಯದು ಮನುಷ್ಯರಿಗೆ. ಇದನ್ನು ಯಾರೂ ಗೋಡೆಯ ಮೇಲೆ ಬರೆದು ಹಾಕಿರಲಿಲ್ಲ. ಆದರೂ ಮದುವೆಯಾಗಿ ಬಂದ ವಾರದೊಳಗೇ ಸೊಸೆ ಶೋಭಾರಾಣಿಗೆ ಅರ್ಥವಾಗಿತ್ತು. ಹುಳು ಮನೆಯಲ್ಲಿರುವಾಗ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಮುಖಕ್ಕೆ ಪೌಡರ್ ಬಳಿದುಕೊಂಡು ಹುಳುಮನೆಯ ಬಾಗಿಲ ಹತ್ತಿರ ಸುಳಿಯುವಂತಿಲ್ಲ. ಘಾಟು ತಾಗಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ ಎಂಬುದು ಅತ್ತೆಯ ಶಾಸನ. ಶಿಡ್ಲಘಟ್ಟದಿಂದ ನಾಲ್ಕು ಮೈಲಿ ದೂರದ ಆ ಹಳ್ಳಿಯಲ್ಲಿ ನಲವತ್ತು ವರ್ಷ ಹುಳು ಸಾಕಿ, ಒಂದು ಬೆಳೆಯನ್ನೂ ಪೂರ್ತಿ ಕಳೆದುಕೊಳ್ಳದ ಹೆಂಗಸು ಅವರು. ಅಂಥವರ ಮಾತಿಗೆ ಎದುರಾಡುವವರು ಯಾರು? ಗಂಡ ಮುನಿವೆಂಕಟಪ್ಪನವರೇ ಬೀಡಿ ಸೇದಬೇಕಾದರೆ ಹಿಪ್ಪುನೇರಳೆ ತೋಟದ ಆಚೆ ಬದುವಿಗೆ ಹೋಗುತ್ತಿದ್ದರು.

ಶೋಭಾರಾಣಿ ಪಕ್ಕದೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಈ ಮನೆಗೆ ಬಂದು ಎಂಟು ವರ್ಷವಾಗಿತ್ತು. ಗಂಡನಿಗೆ ದೂರದೂರಿನಲ್ಲಿ ಕೆಲಸ, ಮನೆಗೆ ಬರುವುದು ತಿಂಗಳಿಗೊಮ್ಮೆ. ಬೆಳಿಗ್ಗೆ ಒಂದು ಸರದಿ ಹುಳುವಿಗೆ ಸೊಪ್ಪು ಹಾಕಿಯೇ ಶಾಲೆಗೆ ಹೋಗುತ್ತಿದ್ದಳು. ಎದುರು ಮಾತಿಲ್ಲ, ದೂರಿಲ್ಲ, ದುಮ್ಮಾನವಿಲ್ಲ. ಊರವರೆಲ್ಲ ಬಂಗಾರದಂಥ ಸೊಸೆ ಎನ್ನುತ್ತಿದ್ದರು. ವರಲಕ್ಷ್ಮಮ್ಮನವರಿಗೆ ಮಾತ್ರ ಒಳಗೊಳಗೇ ದಿಗಿಲು. ಏಕೆಂದರೆ ಮನಸ್ಸಿಗೆ ನೋವಾದರೆ ಈ ಹುಡುಗಿ ಬಾಯಿ ಮುಚ್ಚಿಬಿಡುತ್ತಿದ್ದಳು. ಒಮ್ಮೆ ಅವಳ ಕಾಲೇಜಿನ ಹಳೆಯ ಪುಸ್ತಕಗಳನ್ನು ಇವರು ಗುಜರಿಯವನಿಗೆ ಹಾಕಿದ್ದರು. ಅವಳು ಒಂದು ಮಾತೂ ಅನ್ನಲಿಲ್ಲ. ಒಂಬತ್ತು ದಿನ ಮನೆಯಲ್ಲಿ ‘ಹೂಂ’ ಮತ್ತು ‘ಉಹೂಂ’ ಎರಡೇ ಶಬ್ದ. ಕೂಗಾಡುವ ಸೊಸೆಯಾಗಿದ್ದರೆ ವರಲಕ್ಷ್ಮಮ್ಮ ಹತ್ತು ನಿಮಿಷದಲ್ಲಿ ಸೋಲಿಸಿ, ಹನ್ನೊಂದನೆಯ ನಿಮಿಷಕ್ಕೆ ಕಾಫಿ ಕೊಟ್ಟು ರಾಜಿಯಾಗುತ್ತಿದ್ದರು. ಬಾಯಿ ಬಿಡದವಳ ಜೊತೆ ರಾಜಿಯಾಗುವುದಾದರೂ ಹೇಗೆ? ಆ ಒಂಬತ್ತು ದಿನ ಅವರಿಗೆ ಅನ್ನ ಸೇರಿರಲಿಲ್ಲ.

ಆ ಸಲ ಚಿಕ್ಕಬಳ್ಳಾಪುರದಲ್ಲಿ ಜಿಲ್ಲೆಯ ಶಿಕ್ಷಕರಿಗೆಲ್ಲ ಕಲಿಕೋಪಕರಣ ಸ್ಪರ್ಧೆ. ಪಾಠ ಹೇಳಲು ಕೈಯಲ್ಲೇ ಏನಾದರೂ ಮಾಡಿ ತರಬೇಕು. ಮೊದಲ ಸ್ಥಾನ ಬಂದವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಶೋಭಾರಾಣಿ ಹಿಂದಿನ ಎರಡು ವರ್ಷವೂ ಹೋಗಿ, ಎರಡು ವರ್ಷವೂ ಸಮಾಧಾನಕರ ಪ್ರಮಾಣಪತ್ರ ಹಿಡಿದುಕೊಂಡು ಬಂದಿದ್ದಳು. ಹೋದ ವರ್ಷವಂತೂ ನಾಲ್ಕೇ ಅಂಕದಲ್ಲಿ ಕೈತಪ್ಪಿತ್ತು. ಈ ಸಲ ಗೆಲ್ಲಲೇಬೇಕೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಒಂದು ತಿಂಗಳು ಶಾಲೆಯಿಂದ ಬಂದವಳೇ ಕತ್ತರಿ ಹಿಡಿದು ಕೂರುತ್ತಿದ್ದುದನ್ನು ನೋಡಿದರೆ ಕುರುಡರಿಗೂ ತಿಳಿಯುತ್ತಿತ್ತು.

ಅವಳು ಕತ್ತರಿಸುತ್ತಿದ್ದುದು ಲಗ್ನಪತ್ರಿಕೆಗಳನ್ನು. ಚಿಂತಾಮಣಿ, ಗೌರಿಬಿದನೂರು, ಮಂಚೇನಹಳ್ಳಿ, ಎಲ್ಲ ಕಡೆಯ ನೆಂಟರ ಮದುವೆ ಕಾರ್ಡುಗಳು ಆ ಮನೆಯ ಬೀರುವಿನಲ್ಲಿ ಕಟ್ಟುಕಟ್ಟಾಗಿದ್ದವು. ಅಷ್ಟು ಗಟ್ಟಿ ಕಾಗದ ಅಂಗಡಿಯಲ್ಲೂ ಸಿಗುವುದಿಲ್ಲ. ಬೇರೆಬೇರೆ ಬಣ್ಣದ ಹನ್ನೆರಡು ಕಾರ್ಡು ಆರಿಸಿ, ಒಂದೊಂದನ್ನೂ ಐದು ಮೂಲೆಯ ಬಿಲ್ಲೆಯಾಗಿ ಕತ್ತರಿಸಿದಳು. ಆ ಬಿಲ್ಲೆಯ ಮೇಲೆ, ಅಂಗಳದ ರಂಗೋಲಿಯಲ್ಲಿ ಕೈಯೆತ್ತದೆ ಐದೇ ಗೆರೆಯಲ್ಲಿ ಬಿಡಿಸುತ್ತೇವಲ್ಲ, ಆ ನಕ್ಷತ್ರ ಎಳೆದು ಗೆರೆಯುದ್ದಕ್ಕೂ ಕತ್ತರಿಸಿದಳು. ಆಗ ಒಂದು ಕಾರ್ಡಿನಿಂದ ನಕ್ಷತ್ರದ ಐದು ಚೂಪು ಮೊನೆ, ನಡುವಿನ ಒಂದು ಪುಟ್ಟ ಬಿಲ್ಲೆ, ಮೊನೆಗಳ ಸಂದಿನಲ್ಲಿದ್ದ ಐದು ಅಗಲ ಚೂರು ಹುಟ್ಟಿದವು. ನಡುವಿನ ಹನ್ನೆರಡು ಬಿಲ್ಲೆ ಸೇರಿಸಿ ಮೊದಲು ಒಂದು ಸಣ್ಣ ಉಂಡೆ ಮಾಡಿ, ಅದರ ಒಂದೊಂದು ಬಿಲ್ಲೆಯ ಮೇಲೂ ಐದೈದು ಮೊನೆ ಸೇರಿಸಿ ಗೋಪುರ ಕಟ್ಟಿದಳು. ಒಂದು ಬಣ್ಣದ ಐದು ಮೊನೆಗಳು ಆ ಬಣ್ಣದ ಬಿಲ್ಲೆಯ ಸುತ್ತಲಿನ ಐದು ಗೋಪುರಗಳಿಗೆ ಒಂದೊಂದಾಗಿ ಹಂಚಿಹೋದವು. ಅಗಲ ಚೂರುಗಳು ಬೇಡವಾದವು.

ಅಂಟಿಸುವ ವಿಷಯದಲ್ಲಿ ಮಾತ್ರ ಅತ್ತೆಯ ಶಾಸನ ಅಡ್ಡ ಬಂತು. ಹುಳು ನಾಲ್ಕನೇ ಜ್ವರ, ಎಂದರೆ ಮೇವು ಬಿಟ್ಟು ಮಲಗುವ ಕೊನೆಯ ನಿದ್ದೆ, ಕಳೆದು, ಪೊರೆ ಬಿಟ್ಟು ಎದ್ದಿತ್ತು. ಅಂಗಡಿಯ ಗಮ್ಮು ಮನೆಯೊಳಗೆ ಬರಕೂಡದು.

“ಮೈದಾ ಕಾಯಿಸಿ ಕೊಡ್ತೀನಿ, ಅದರಲ್ಲೇ ಅಂಟಿಸ್ಕೋ. ನಮ್ಮ ಕಾಲದಲ್ಲಿ ಗಾಳಿಪಟ ಹಾರಿಲ್ವಾ?” ಎಂದರು ವರಲಕ್ಷ್ಮಮ್ಮ.

ಶೋಭಾರಾಣಿ ‘ಹೂಂ’ ಎಂದಳು. ಮೈದಾ ಅಂಟು, ಸುದ್ದಿಪತ್ರಿಕೆಯ ಸಣ್ಣ ಪಟ್ಟಿ, ಇಷ್ಟರಲ್ಲೇ ಅವಳ ಉಂಡೆ ಎದ್ದು ನಿಂತಿತು. ಹನ್ನೆರಡು ಚೂಪು ಗೋಪುರ, ಹನ್ನೆರಡು ಬಣ್ಣ.

“ಇದೇನಮ್ಮಾ, ಮುಳ್ಳುಂಡೆ?”

“ನಕ್ಷತ್ರದ ಘನ ಅತ್ತೆ. ಇದಕ್ಕೆ ಹನ್ನೆರಡೇ ಮುಖ. ಒಂದೊಂದು ಮುಖಾನೂ ಒಂದೊಂದು ನಕ್ಷತ್ರ. ಒಂದರೊಳಗೊಂದು ತೂರ್ಕೊಂಡು ಹೋಗಿವೆ.”

“ಹನ್ನೆರಡೆಲ್ಲಿ ಬಂತು? ನನಗೆ ಅರವತ್ತು ಚೂರು ಕಾಣ್ತವೆ.”

“ಕಾಣೋದು ಅರವತ್ತು. ಇರೋದು ಹನ್ನೆರಡು.”

“ಸರಿ ಬಿಡು. ನಿಮ್ಮ ಮಾವನ ಬೀಡಿ ಲೆಕ್ಕ ಇದ್ದಹಾಗೈತೆ,” ಎಂದು ವರಲಕ್ಷ್ಮಮ್ಮ ಎದ್ದು ಕೆಳಗೆ ಬಿದ್ದಿದ್ದ ಅಗಲ ಚೂರುಗಳನ್ನೆಲ್ಲ ಆರಿಸಿ ಬಿಸ್ಕತ್ತಿನ ಡಬ್ಬಿಗೆ ತುಂಬಿದರು. ಲಗ್ನಪತ್ರಿಕೆಯೆಂದರೆ ಮೂಲೆಗೆ ಅರಿಶಿನ ಹಚ್ಚಿ, ಮೇಲೆ ದೇವರ ಚಿತ್ರ ಹಾಕಿ, ಎದೆಗೊತ್ತಿ ಕೊಟ್ಟ ಕಾಗದ. ಅದನ್ನು ಕಸದ ಜೊತೆ ಗುಡಿಸಿ ಹಾಕುವುದುಂಟೇ? ಪುರಸೊತ್ತಾದಾಗ ಕೆರೆಗೆ ಬಿಟ್ಟರಾಯಿತು ಎಂದುಕೊಂಡರು.

ಸ್ಪರ್ಧೆ ಶನಿವಾರ. ಆ ವಾರವೇ ಶೋಭಾರಾಣಿಗೆ ಗೌರಿಬಿದನೂರಿನಲ್ಲಿ ಮೂರು ದಿನದ ತರಬೇತಿ ಬಂತು. ಮಂಗಳವಾರ ಬೆಳಿಗ್ಗೆ ಉಂಡೆಯನ್ನು ತನ್ನ ಕೋಣೆಯ ಬೀರುವಿನ ಮೇಲಿಟ್ಟು, ಹತ್ತಿಬಟ್ಟೆ ಮುಚ್ಚಿ, ಎರಡು ಸಲ ತಿರುಗಿ ನೋಡಿ ಹೊರಟಳು. ರಾತ್ರಿಗಳನ್ನು ಮಂಚೇನಹಳ್ಳಿಯ ತಂಗಿಯ ಮನೆಯಲ್ಲಿ ಕಳೆದು ಗುರುವಾರ ಸಂಜೆ ಬರುವವಳಿದ್ದಳು.

ಅವಳು ಅತ್ತ ಬಸ್ಸು ಹತ್ತಿದಳೋ ಇಲ್ಲವೋ, ಇತ್ತ ವರಲಕ್ಷ್ಮಮ್ಮನವರ ಅಕ್ಕ ಅಮ್ಮಾಜಮ್ಮನವರ ಫೋನು ಬಂತು. ಚಿಂತಾಮಣಿಯಿಂದ ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದಿದ್ದಾರಂತೆ, ಮಧ್ಯಾಹ್ನ ಊಟಕ್ಕೆ ಬರುತ್ತಾರಂತೆ. ಫೋನಿಟ್ಟವರೇ ವರಲಕ್ಷ್ಮಮ್ಮ ಸೊಸೆಯ ಕೋಣೆಗೆ ಓಡಿದರು. ಊಟದ ಚಿಂತೆಯಲ್ಲ. ಆ ಮುಳ್ಳುಂಡೆಯಲ್ಲಿ ಎದ್ದು ಕಾಣುತ್ತಿದ್ದ ಕೆಂಪು ಕಾರ್ಡು ಅಮ್ಮಾಜಮ್ಮನವರ ಮಗ ಕನಕರಾಜನ ಮದುವೆಯದು! ಅಕ್ಕ ಮನೆಗೆ ಬಂದರೆ ಬೀರುವಿನ ಮೇಲಿನ ಬಟ್ಟೆಯನ್ನಂತೂ ಎತ್ತದೆ ಬಿಡುವವರಲ್ಲ. ಮಗನ ಲಗ್ನಪತ್ರಿಕೆಯನ್ನು ಆರು ತಿಂಗಳಿಗೇ ಚೂರುಚೂರು ಮಾಡಿದ್ದಾರೆಂದು ತಿಳಿದರೆ, ಮುಗಿಯಿತು, ನಾಲ್ಕು ತಾಲ್ಲೂಕಿಗೆ ಡಂಗುರ. ವರಲಕ್ಷ್ಮಮ್ಮ ಹಿಂದೆಮುಂದೆ ನೋಡದೆ ಉಂಡೆಯನ್ನೆತ್ತಿ, ಸೊಪ್ಪಿನ ಕೋಣೆಯ ಅಟ್ಟದ ಮೇಲೆ ಹಳೆಯ ಚಂದ್ರಿಕೆಗಳ ಹಿಂದೆ ಬಚ್ಚಿಟ್ಟರು. ಹಣ್ಣಾದ ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟೆಗಳ ಹಿಂದೆ ಯಾರ ಕಣ್ಣೂ ಹೋಗುವುದಿಲ್ಲ.

ಅಕ್ಕ ಬಂದರು, ಉಂಡರು, ನಿರೀಕ್ಷೆಯಂತೆ ಮನೆಯೆಲ್ಲ ಸುತ್ತಿದರು, ಹೋದರು. ಆಮೇಲೆ ಹುಳುವಿಗೆ ಸೊಪ್ಪು ಹಾಕುವ ಗದ್ದಲದಲ್ಲಿ ವರಲಕ್ಷ್ಮಮ್ಮ ಮರೆತೇಬಿಟ್ಟರು. ನೆನಪಾದದ್ದು ಬುಧವಾರ ಬೆಳಿಗ್ಗೆ. ಏಣಿ ಹತ್ತಿ ಕೈ ಹಾಕಿದರೆ ಉಂಡೆಯ ಜೊತೆ ಕೈಗೆ ಬಂದದ್ದು ಕಾಗದದ ಪುಡಿ.

ಇಲಿ! ಮೈದಾದ ವಾಸನೆಗೆ ರಾತ್ರಿ ಬಂದು ಹಬ್ಬ ಮಾಡಿತ್ತು. ಒಂದು ಮೊನೆಯ ಬುಡದ ಪಟ್ಟಿಗಳನ್ನೆಲ್ಲ ಮೆದ್ದು, ಗೋಪುರವನ್ನೇ ಕಿತ್ತು ಪುಡಿ ಮಾಡಿತ್ತು. ಇನ್ನೆರಡು ಮೊನೆಗಳ ತುದಿ ಕಚ್ಚಿತ್ತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವುದನ್ನು ಕೇಳಿದ್ದೇವೆ, ಇಲ್ಲಿ ಇಲಿಯೇ ಬೆಟ್ಟ ಅಗೆದಿತ್ತು.

ವರಲಕ್ಷ್ಮಮ್ಮ ಏಣಿಯ ಕೆಳಗೆ ಕುಕ್ಕರಿಸಿದರು. ಕಣ್ಣಲ್ಲಿ ನೀರು ಬಂತು. ಗಮ್ಮು ಬೇಡ, ಮೈದಾ ಸಾಕು ಎಂದದ್ದು ತಾನು. ಕೇಳದೆ ಎತ್ತಿಟ್ಟದ್ದು ತಾನು. ಅದೂ ಯಾಕೆ? ಅಕ್ಕನ ಬಾಯಿಗೆ ಹೆದರಿ. ಆ ಹುಡುಗಿಯ ಒಂದು ತಿಂಗಳ ಸಂಜೆಗಳು ಇಲಿಯ ಹೊಟ್ಟೆ ಸೇರಿದವು. ಇನ್ನು ಒಂಬತ್ತು ದಿನವಲ್ಲ, ಒಂಬತ್ತು ತಿಂಗಳು ಮಾತಾಡಲಿಕ್ಕಿಲ್ಲ.

ಸೊಪ್ಪಿನ ಹೊರೆ ಇಳಿಸಲು ಬಂದ ಮುನಿವೆಂಕಟಪ್ಪ ನೋಡಿ, “ಏಮೇ ಇದಿ?” ಎಂದರು. ಗಾಬರಿಯಾದರೆ ಅವರಿಗೆ ತೆಲುಗು ಬರುತ್ತಿತ್ತು.

“ಯಾರ ಹತ್ರಾನೂ ಬಾಯಿ ಬಿಟ್ರೆ ನೋಡಿ ಮತ್ತೆ. ಇವತ್ತೂ ನಾಳೆ ಹುಳುಗೆ ಸೊಪ್ಪು ನೀವೇ ಹಾಕ್ಬೇಕು. ನನಗೆ ಕೆಲಸ ಐತೆ.”

ಮದುವೆಯಾಗಿ ನಲವತ್ತನಾಲ್ಕು ವರ್ಷದಲ್ಲಿ ಹುಳುವಿಗಿಂತ ದೊಡ್ಡ ಕೆಲಸ ಹೆಂಡತಿಗೆ ಇದೆಯೆಂದು ಮುನಿವೆಂಕಟಪ್ಪ ಕೇಳಿದ್ದು ಅದೇ ಮೊದಲು. ಸೊಪ್ಪಿನ ಹೊರೆ ಎತ್ತಿಕೊಂಡು ಹುಳುಮನೆಗೆ ನಡೆದರು.

ವರಲಕ್ಷ್ಮಮ್ಮ ಮೊದಲು ಡಬ್ಬಿಯ ಅಗಲ ಚೂರುಗಳಿಂದ ಹೋದ ಮೊನೆಗೆ ತೇಪೆ ಹಾಕಲು ನೋಡಿದರು. ಕೂರಲಿಲ್ಲ. ಮೊನೆಯ ಚೂರು ಸಣಕಲು, ಇವು ಡೊಳ್ಳು. ಬೇಸರದಲ್ಲಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದು, ಸುಮ್ಮನೆ ಎಣಿಸಿದರು. ಅರವತ್ತು! ಮುಳ್ಳುಂಡೆಯಲ್ಲೂ ಅರವತ್ತು, ಇದರಲ್ಲೂ ಅರವತ್ತು. ಹಾಗಿದ್ದಮೇಲೆ ಇವುಗಳಿಂದಲೂ ಒಂದು ಉಂಡೆ ಆಗಲೇಬೇಕಲ್ಲ? ಓದಿದವರಾಗಿದ್ದರೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ವರಲಕ್ಷ್ಮಮ್ಮ ನಾಲ್ಕನೇ ಕ್ಲಾಸಿಗೇ ಪಾಟಿ ಇಟ್ಟವರು. ಮೈದಾ ಕಾಯಿಸಲು ಇಟ್ಟರು.

ಪ್ರತಿ ಚೂರಿಗೂ ಒಂದು ಉದ್ದ ಬದಿ, ಎರಡು ಗಿಡ್ಡ ಬದಿ. ಗಿಡ್ಡಕ್ಕೆ ಗಿಡ್ಡ ಕೂಡಿಸಿದಾಗ ಮೂರು ಚೂರು ಸೇರಿ ಒಂದು ಪುಟ್ಟ ಟೋಪಿಯಾಯಿತು. ಅರವತ್ತು ಚೂರಿಗೆ ಇಪ್ಪತ್ತು ಟೋಪಿ. ಸಂಜೆ ಹೊತ್ತಿಗೆ ಚಾಪೆಯ ತುಂಬ ಟೋಪಿಗಳು ಒಣಗುತ್ತಿದ್ದವು. ಮುಳ್ಳುಂಡೆಯಲ್ಲಿ ಎಲ್ಲವೂ ಐದೈದಾಗಿ ಸೇರಿದ್ದು ಅವರಿಗೆ ನೆನಪಿತ್ತು. ಇಲ್ಲೂ ಐದೈದು ಟೋಪಿಯ ಮೂಲೆ ಒಂದೆಡೆ ಬರುವಂತೆ, ಉದ್ದ ಬದಿಗೆ ಉದ್ದ ಬದಿ ಕೂಡಿಸತೊಡಗಿದರು. ಆಗ ಒಂದು ಯೋಚನೆ ಬಂತು. ಟೋಪಿಯ ತುದಿ ಹೊರಗಿರಬೇಕೋ ಒಳಗಿರಬೇಕೋ? ಮೊನೆ ಹೊರಗೆ ಚಾಚಿಕೊಂಡಿದ್ದರಿಂದ ತಾನೆ ಇಲಿಗೆ ಕಚ್ಚಲು ಸಿಕ್ಕಿದ್ದು? ಒಳಗೆ ತಳ್ಳಿದರೆ ಅದರ ಹಲ್ಲಿಗೆ ಏನು ಸಿಗುತ್ತದೆ, ಮಣ್ಣು! ಮುದ್ದೆಗೆ ಹೆಬ್ಬೆರಳಿನಿಂದ ಗುಳಿ ಮಾಡಿ ಸಾರಿಗೆ ಅದ್ದುವಂತೆ, ಒಂದೊಂದು ಟೋಪಿಯನ್ನೂ ಒಳಕ್ಕೆ ಒತ್ತಿ ಅಂಟಿಸುತ್ತ ಹೋದರು. ಗುರುವಾರ ಮಧ್ಯಾಹ್ನ ಇಪ್ಪತ್ತನೆಯ ಟೋಪಿ ತನ್ನ ಜಾಗದಲ್ಲಿ ಸರಿಯಾಗಿ ಕೂತು ಉಂಡೆ ಮುಚ್ಚಿಕೊಂಡಾಗ ಅವರಿಗೆ ಕ್ಷಣಕಾಲ ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣವೇ ನೋಡಿದರು. ಮೈತುಂಬ ಗುಳಿ. ನಕ್ಷತ್ರದ ಲಕ್ಷಣವೇ ಇಲ್ಲ. ಮಾಡಲು ಹೋದದ್ದು ಒಂದು, ಆದದ್ದು ಇನ್ನೊಂದು.

ಸಂಜೆ ಶೋಭಾರಾಣಿ ಬಂದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳ ಕಣ್ಣು ಮೊದಲು ಬಿದ್ದದ್ದು ಚಾಪೆಯ ಮೇಲಿನ ಗುಳಿಯುಂಡೆಯ ಮೇಲೆ. ಬ್ಯಾಗು ಕೈಯಿಂದ ಜಾರಿತು.

“ಅತ್ತೆ! ಇದನ್ನ ಯಾರು ಮಾಡಿದ್ದು?”

“ನಾನೇ ಕಣಮ್ಮ. ಬಯ್ಯಬೇಡ. ಮ್ಯಾಕೆ ಬರಬೇಕಾಗಿದ್ದು ಒಳಕ್ಕೋಯ್ತು...”

“ಬಯ್ಯೋದಾ! ಇದು ನನ್ನ ನಕ್ಷತ್ರದ ಡ್ಯುಯಲ್ ಅತ್ತೆ! ಅದರ ಜೋಡಿ!” ಅವಳು ಚಾಪೆಯ ಮೇಲೆ ಕೂತೇಬಿಟ್ಟಳು. ಎಂಟು ವರ್ಷದಲ್ಲಿ ಅವಳ ಗಂಟಲು ಅಷ್ಟು ಏರಿದ್ದನ್ನು ಆ ಮನೆ ಕೇಳಿರಲಿಲ್ಲ. “ನೋಡಿ, ಐದು ಟೋಪಿ ಕೂಡಿರೋ ಈ ಮೊನೆ ಹಿಡ್ಕೊಳ್ಳಿ. ಇದರ ಸುತ್ತ ಐದು ಮೊನೆ ಇದಾವಲ್ಲ? ಅವನ್ನ ಸೇರಿಸಿದ್ರೆ ಒಂದು ದೊಡ್ಡ ಐದು ಮೂಲೆ ಬಿಲ್ಲೆ. ಅದು ಈ ಮೊನೆ ಕೆಳಗೆ ತೂರ್ಕೊಂಡು ಹೋಗೈತೆ. ಅಂಥ ಬಿಲ್ಲೆ ಹನ್ನೆರಡು. ಅಲ್ಲಿ ಮುಖ ಎಲ್ಲ ನಕ್ಷತ್ರ, ಇಲ್ಲಿ ಮುಖ ಎಲ್ಲ ಬಿಲ್ಲೆ. ಅದರಲ್ಲಿ ಎಲ್ಲಿ ಮೊನೆ ಐತೋ ಇದರಲ್ಲಿ ಅಲ್ಲಿಗೊಂದು ಮುಖ. ಅದರ ಮುಖಕ್ಕೆ ಇದರ ಮೊನೆ. ಅಂಚು ಎರಡಕ್ಕೂ ಮೂವತ್ತೇ. ಕತ್ತರಿಸಿ ಎಸೆದ ಚೂರಲ್ಲಿ ಇದಿತ್ತು ಅಂತ ನನಗೇ ಹೊಳೀಲಿಲ್ಲವಲ್ಲ! ನಕ್ಷತ್ರ ಎಲ್ಲತ್ತೆ? ಪಕ್ಕದಲ್ಲಿಟ್ಟು ನೋಡ್ತೀನಿ.”

ವರಲಕ್ಷ್ಮಮ್ಮ ಬುಟ್ಟಿಯ ಕೆಳಗಿನಿಂದ ಅದನ್ನು ತೆಗೆದು ಮುಂದಿಟ್ಟರು. ಶೋಭಾರಾಣಿಯ ಮುಖ ಬಾಡಿತು. ಕಚ್ಚಿದ ತುದಿಗಳನ್ನು ಬೆರಳಿಂದ ಸವರಿದಳು.

“ಇಲಿ,” ಎಂದರು ಅತ್ತೆ.

“ನಾನು ಕೋಣೆ ಕಿಟಕಿ ಮುಚ್ಚದೆ ಹೋದೆ ಅನ್ಸುತ್ತೆ,” ಎಂದಳು ಅವಳು ಮೆಲ್ಲಗೆ. “ನಂದೇ ತಪ್ಪು.”

ಅಲ್ಲವೆನ್ನಲು ವರಲಕ್ಷ್ಮಮ್ಮ ಬಾಯಿ ತೆರೆದರು. ಹೊಳೆಯುತ್ತಿದ್ದ ಆ ಮುಖ ಈಗಷ್ಟೇ ಬಾಡಿದೆ, ಇನ್ನು ನಿಜ ಹೇಳಿದರೆ ಬಾಗಿಲೇ ಹಾಕಿಕೊಳ್ಳುತ್ತದೆ ಎನಿಸಿತು. ತೆರೆದ ಬಾಯಿ ಮುಚ್ಚಿದರು. ಆ ರಾತ್ರಿ ಮತ್ತು ಮರುದಿನವೆಲ್ಲ ಸೊಸೆ ಮತ್ತೆ ಮತ್ತೆ ಆ ಕಿಟಕಿಯ ಚಿಲಕ ನೋಡಿ ನಿಟ್ಟುಸಿರು ಬಿಟ್ಟಳು. ಪ್ರತಿ ನಿಟ್ಟುಸಿರೂ ವರಲಕ್ಷ್ಮಮ್ಮನವರ ಎದೆಗೆ ಚುಚ್ಚಿತು.

ಶನಿವಾರ ಬಸ್ಸಿನಲ್ಲಿ ಎರಡು ಉಂಡೆಗೆ ಎರಡು ಮಡಿಲು ಬೇಕಲ್ಲ, ಹಾಗಾಗಿ ವರಲಕ್ಷ್ಮಮ್ಮನೂ ಹೊರಟರು. ಚಿಕ್ಕಬಳ್ಳಾಪುರದ ಆ ಶಾಲೆಯ ಹಜಾರದಲ್ಲಿ ಮೇಜಿನ ಸಾಲು. ಶೋಭಾರಾಣಿ ಇಲಿ ತಿಂದ ಬದಿ ಕೆಳಗೆ ಬರುವಂತೆ ನಕ್ಷತ್ರವನ್ನಿಟ್ಟು, ಪಕ್ಕದಲ್ಲಿ ಗುಳಿಯುಂಡೆ ಇಟ್ಟಳು. ತೀರ್ಪುಗಾರರು ರಮೇಶ್‌ಬಾಬು ಎಂಬ ಹಿರಿಯ ಪರಿವೀಕ್ಷಕರು, ಗಣಿತದವರೇ. ಅಂಕಪಟ್ಟಿ ಹಿಡಿದು ಬಂದು ಕನ್ನಡಕ ಸರಿಮಾಡಿಕೊಂಡರು.

“ಎಷ್ಟು ಮುಖ ಮೇಡಂ?”

“ಹನ್ನೆರಡು ಸಾರ್. ಶೃಂಗ ಹನ್ನೆರಡು, ಅಂಚು ಮೂವತ್ತು.”

ಅವರು ಪಟ್ಟಿಯ ಅಂಚಿನಲ್ಲಿ ಲೆಕ್ಕ ಮಾಡಿದರು. “ಮುಖಾನೂ ಶೃಂಗಾನೂ ಕೂಡಿದ್ರೆ ಇಪ್ಪತ್ನಾಲ್ಕು. ಅಂಚಿಗೆ ಎರಡು ಸೇರಿಸಿದ್ರೆ ಮೂವತ್ತೆರಡು. ಎರಡೂ ಒಂದೇ ಬರಬೇಕು ಅಂತ ಮಕ್ಕಳಿಗೆ ಹೇಳ್ಕೊಡ್ತೀವಲ್ಲ? ಎಣಿಸೋದ್ರಲ್ಲಿ ಎಡವಿದ್ದೀರಿ. ಇಲ್ಲಿ ಅರವತ್ತು ತ್ರಿಕೋನ ಕಾಣ್ತಿದೆ.”

“ತ್ರಿಕೋನ ಅಂತ ಎಣಿಸಿದ್ರೆ ನಿಮ್ಮ ಲೆಕ್ಕ ಸರಿ ಸಾರ್. ಮುಖ ಅರವತ್ತು, ತಗ್ಗಿನ ಮೂಲೆಗಳೂ ಸೇರಿ ಶೃಂಗ ಮೂವತ್ತೆರಡು, ಅಂಚು ತೊಂಬತ್ತು. ಸೂತ್ರ ಹೊಂದುತ್ತೆ. ಆದ್ರೆ ಅದು ಹೊರಗಿನ ಸಿಪ್ಪೆ ಅಷ್ಟೆ. ನಿಜವಾಗಿ ಇಲ್ಲಿರೋದು ಹನ್ನೆರಡು ನಕ್ಷತ್ರ, ಒಂದನ್ನೊಂದು ಹಾಯ್ದು ಹೋಗಿವೆ. ಹಾಗೆ ಹಾಯ್ದು ಹೋಗೋ ಘನಕ್ಕೆ ಆ ಸೂತ್ರ ಹೊಂದಲೇಬೇಕು ಅಂತಿಲ್ಲ.”

“ನಕ್ಷತ್ರ ಅಂದ್ರೆ ನಡುಭಾಗ ಇರಬೇಕಲ್ಲ? ಎಲ್ಲಿದೆ? ಕಾಣದೇ ಇರೋದನ್ನ ಮುಖ ಅಂತ ನಾನು ಹೇಗೆ ಒಪ್ಪಲಿ?”

ಶೋಭಾರಾಣಿ ಎರಡೂ ಕೈಯಲ್ಲಿ ನಕ್ಷತ್ರವನ್ನು ಹಿಡಿದು, ಇಲಿ ತಿಂದ ಬದಿಯನ್ನು ಮೇಲಕ್ಕೆ ತಿರುಗಿಸಿದಳು.

ಗೋಪುರ ಹೋದ ಜಾಗದಲ್ಲಿ ತಳ ತೆರೆದುಕೊಂಡಿತ್ತು. ಆ ತಳ ಕೆಂಪು ಬಿಲ್ಲೆ. ಅದರ ಐದೂ ಬದಿಯಿಂದ ಐದು ಕೆಂಪು ಮೊನೆಗಳು ಒಂದೇ ಮಟ್ಟದಲ್ಲಿ ಹೊರಟು, ಸುತ್ತಲಿನ ಐದು ಗೋಪುರಗಳ ತುದಿ ಮುಟ್ಟಿದ್ದವು. ಒಂದೇ ಲಗ್ನಪತ್ರಿಕೆ, ಇಡೀ ಒಂದು ನಕ್ಷತ್ರ, ಸಪಾಟಾಗಿ ಕಣ್ಣೆದುರಿಗೆ. ರಮೇಶ್‌ಬಾಬು ಬಗ್ಗಿ ಮೂಗು ತಾಗುವಷ್ಟು ಹತ್ತಿರ ಹೋದರು. ನಡುವಿನ ಬಿಲ್ಲೆಯ ಅಕ್ಷರ ಓದಿದರು.

“ಚಿರಂಜೀವಿ ಕನಕರಾಜ್... ಸೌಭಾಗ್ಯವತಿ ಪ್ರಿಯಾಂಕ... ಅರೆ! ಈ ಮದುವೇಲಿ ನಾನೂ ಊಟ ಮಾಡಿದೀನಿ ಕಣ್ರೀ!”

ಅಕ್ಕಪಕ್ಕದ ಮೇಜಿನವರೆಲ್ಲ ಬಂದು ಇಣುಕಿದರು. ರಮೇಶ್‌ಬಾಬು ಉಂಡೆಯನ್ನು ತಿರುಗಿಸಿ ತಿರುಗಿಸಿ, ಹಸಿರು ನಕ್ಷತ್ರ, ಹಳದಿ ನಕ್ಷತ್ರ ಎಂದು ತಾವೇ ಎಣಿಸಿ ಹನ್ನೆರಡಕ್ಕೆ ನಿಂತರು. “ಒಪ್ಪಿದೆ ಮೇಡಂ, ಹನ್ನೆರಡೇ. ಒಂದನ್ನ ತೆರೆದು ತೋರಿಸಬೇಕು ಅಂತ ಹೊಳೆದಿದೆಯಲ್ಲ, ಅದು ಬುದ್ಧಿ. ಈ ಬಾಗಿಲು ನೀವೇ ಕತ್ತರಿಸಿದ್ದಾ?”

ಹೌದೆಂದಿದ್ದರೆ ಕೆಲಸ ಮುಗಿಯುತ್ತಿತ್ತು. ಶೋಭಾರಾಣಿಗೆ ಆ ಅಭ್ಯಾಸವಿರಲಿಲ್ಲ. “ಇಲ್ಲ ಸಾರ್. ಇಲಿ ತಿಂದಿದ್ದು. ಕಿಟಕಿ ಮುಚ್ಚದೆ ಊರಿಗೆ ಹೋಗಿದ್ದೆ, ನನ್ನ ಅಜಾಗ್ರತೆ.”

“ಅಯ್ಯೋ, ಹೇಳಬಾರದಾಗಿತ್ತು ನೀವು,” ಎಂದು ರಮೇಶ್‌ಬಾಬು ಪೇಚಾಡಿದರು. “ಅಚ್ಚುಕಟ್ಟಿಗೆ ಅಂತ ಹತ್ತು ಅಂಕ ಇಟ್ಟಿದಾರೆ. ಅಜಾಗ್ರತೆ ಅಂದ್ಮೇಲೆ ಐದಾದ್ರೂ ಕಳೀಬೇಕಾಗುತ್ತೆ.” ಪೆನ್ನು ಪಟ್ಟಿಯ ಮೇಲೆ ಇಳಿಯಿತು.

ಹೋದ ವರ್ಷ ನಾಲ್ಕು ಅಂಕಕ್ಕೆ ತಪ್ಪಿದ್ದು ವರಲಕ್ಷ್ಮಮ್ಮನವರಿಗೆ ಗೊತ್ತಿತ್ತು. ದೊಡ್ಡ ಅಧಿಕಾರಿಗಳ ಎದುರು ಎಂದೂ ಬಾಯಿ ತೆರೆಯದ ಹೆಂಗಸು ಮೇಜಿನ ಮೇಲೆ ಕೈ ಬಡಿದರು.

“ತಡೀರಿ ಸ್ವಾಮಿ! ಅವಳು ಕಿಟಕಿ ಮುಚ್ಚೇ ಹೋಗಿದ್ಲು. ಬಟ್ಟೇನೂ ಮುಚ್ಚಿದ್ಲು. ತೆಗೆದು ಅಟ್ಟದ ಮೇಲೆ ಬಚ್ಚಿಟ್ಟೋಳು ನಾನು. ಆ ಕೆಂಪು ಕಾರ್ಡು ನಮ್ಮಕ್ಕನ ಮಗಂದು. ಅಕ್ಕ ಊಟಕ್ಕೆ ಬಂದಿದ್ಲು, ನೋಡಿದ್ರೆ ಮಾನ ಹರಾಜಾಕ್ತಾಳೆ ಅಂತ ಬಚ್ಚಿಟ್ಟೆ. ಗಮ್ಮು ಬೇಡ, ಮೈದಾನೇ ಹಚ್ಚು ಅಂದೋಳೂ ನಾನೇ. ಕಳೆಯೋದಿದ್ರೆ ನನ್ನುಂಡೇಲಿ ಕಳೀರಿ!”

ಇಡೀ ಹಜಾರ ಗೊಳ್ಳೆಂದಿತು. ರಮೇಶ್‌ಬಾಬು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಿಮ್ಮುಂಡೆ ಯಾವುದಮ್ಮ?”

ವರಲಕ್ಷ್ಮಮ್ಮ ಗುಳಿಯುಂಡೆ ಎತ್ತಿಕೊಟ್ಟರು. ಒಂದು ಸಲ ಬಾಯಿ ತೆರೆದಮೇಲೆ ಇನ್ನೇನು ಭಯ? ಸೊಸೆ ಚಾಪೆಯ ಮೇಲೆ ಹೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಿದರು. “ಇದು ಅದರ ಜೋಡಿ ಸ್ವಾಮಿ. ಅದನ್ನ ಕತ್ತರಿಸಿ ಉಳಿದ ಚೂರಲ್ಲಿ ಮಾಡಿದ್ದು. ಅದಕ್ಕೆ ಮೊನೆ ಇರೋ ಕಡೆ ಇದಕ್ಕೆ ಮುಖ, ಇದಕ್ಕೆ ಮೊನೆ ಇರೋ ಕಡೆ ಅದಕ್ಕೆ ಮುಖ. ಪಕ್ಕದಲ್ಲಿಟ್ಟು ಅಳೀರಿ, ಎರಡೂ ಒಂದೇ ಗಾತ್ರ.”

ಅವರು ಅಳೆದೂ ನೋಡಿದರು. ಮಧ್ಯಾಹ್ನ ಫಲಿತಾಂಶ ಓದಿದಾಗ ಮೊದಲ ಹೆಸರು ಶೋಭಾರಾಣಿಯದು. ಇಲಿ ಮಾಡಿದ್ದಕ್ಕೆ ಶಿಕ್ಷಕಿಗೆ ಅಂಕ ಕಳೆಯಲು ನಿಯಮದಲ್ಲಿ ಅವಕಾಶವಿಲ್ಲ ಎಂದು ರಮೇಶ್‌ಬಾಬು ಎಲ್ಲರಿಗೂ ಕೇಳುವಂತೆ ಹೇಳಿದರು.

ಶಿಡ್ಲಘಟ್ಟದ ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕದಲ್ಲೇ ಸೀಟು ಸಿಕ್ಕಿತು. ಮಡಿಲಲ್ಲಿ ಒಂದೊಂದು ಉಂಡೆ. ಶೋಭಾರಾಣಿ ಹೊರಗೆ ನೋಡುತ್ತ ಕೂತಳು. ಊರು ದಾಟಿತು, ದ್ರಾಕ್ಷಿ ತೋಟಗಳು ಬಂದವು, ಹೋದವು. ಮಾತಿಲ್ಲ. ಗೆದ್ದವಳ ಮುಖ ಹೀಗಿರುತ್ತದೆಯೇ? ಶುರುವಾಯಿತು ಮೌನ. ಇದು ಎಷ್ಟು ದಿನದ್ದೋ! ಆ ಮೊದಲ ಬಹುಮಾನವನ್ನು ಬೇಕಾದರೆ ವಾಪಸು ಕೊಡಲೂ ವರಲಕ್ಷ್ಮಮ್ಮ ತಯಾರು, ಇವಳು ಒಂದು ಮಾತಾಡಿದರೆ ಸಾಕಾಗಿತ್ತು.

“ಬಯ್ಯೋದಿದ್ರೆ ಬೈದ್ಬಿಡಮ್ಮ,” ಎಂದರು ಕೊನೆಗೆ. “ನಾಲ್ಕು ಏಟಾದ್ರೂ ತಡ್ಕೊತೀನಿ. ನೀನು ಸುಮ್ಮನಿದ್ರೆ ನನಗೆ ತಡ್ಕೊಳ್ಳೋಕಾಗಲ್ಲ ಕಣೇ.”

ಶೋಭಾರಾಣಿ ತಿರುಗಿದಳು. ಕಣ್ಣು ಕೆಂಪಾಗಿತ್ತು.

“ಎರಡು ದಿನ ಅತ್ತೆ! ಎರಡು ದಿನ ಆ ಕಿಟಕಿ ಮುಂದೆ ನಿಂತು ನನ್ನನ್ನ ನಾನೇ ಬೈಕೊಂಡೆ. ನೀವು ನೋಡ್ತಾನೇ ಇದ್ರಲ್ಲ? ಒಂದು ಮಾತು ಹೇಳೋಕೆ ನಿಮಗೇನಾಗಿತ್ತು? ನನ್ನ ಪುಸ್ತಕ ಗುಜರಿಗೆ ಹಾಕಿದ್ರಿ, ಕೇಳಲಿಲ್ಲ. ಇದನ್ನ ಅಟ್ಟಕ್ಕೆ ಹಾಕಿದ್ರಿ, ಕೇಳಲಿಲ್ಲ. ನನ್ನ ಸಾಮಾನು ಮುಟ್ಟೋಕೆ ಮುಂಚೆ ಒಂದು ಸಲ ಕೇಳಬಾರದಾ? ಆ ಮನೇಲಿ ನಾನೂ ಇದೀನಿ ತಾನೆ!”

ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಎಂಟು ವರ್ಷದಿಂದ ಕೂಡಿಟ್ಟದ್ದೆಲ್ಲ ಅಷ್ಟು ಜನರ ಮುಂದೆ ಸುರಿಯುತ್ತಿತ್ತು. ವರಲಕ್ಷ್ಮಮ್ಮನವರಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಎದೆಯ ಮೇಲಿನ ಕಲ್ಲು ಸರಿದಂತಾಗಿ ಕಣ್ಣು ತುಂಬಿತು. ಸೊಸೆ ಬಯ್ಯುತ್ತಿದ್ದಾಳೆ, ಬಾಯಿ ತುಂಬ ಬಯ್ಯುತ್ತಿದ್ದಾಳೆ! ಸೆರಗಿನಿಂದ ಮುಖ ಒರೆಸಿಕೊಂಡು ಅವರೂ ನೆಟ್ಟಗೆ ಕೂತರು.

“ನಂದು ತಪ್ಪು, ನೂರು ಸಲ ತಪ್ಪು. ಆದ್ರೆ ನಿನಗೂ ಒಂದು ಮಾತು ಕೇಳ್ತೀನಿ. ಊರಲ್ಲಿರೋ ಮದುವೆ ಎಲ್ಲ ಬಿಟ್ಟು ನಮ್ಮಕ್ಕನ ಮಗನ ಕಾರ್ಡೇ ಬೇಕಾಗಿತ್ತಾ?”

“ಕೆಂಪು ಅದೊಂದೇ ಇದ್ದಿದ್ದು!”

“ಗಿಣಿ ಹಸಿರು ಎರಡಿತ್ತಲ್ಲ!”

“ಒಂದೇ ಬಣ್ಣ ಎರಡು ಹಾಕಿದ್ರೆ ನಕ್ಷತ್ರ ಹೇಗೆ ಗೊತ್ತಾಗುತ್ತೆ? ನಿಮಗೆ ಹೇಳಿದ್ದೆಲ್ಲ ಎಲ್ಲಿ ಹೋಯ್ತು? ಇನ್ನೂ ಇಂಥದ್ದೇ ಇನ್ನೊಂದು ಜೋಡಿ ಐತೆ, ರಾಜ್ಯಮಟ್ಟಕ್ಕೆ ಅದನ್ನೂ ಮಾಡಬೇಕು. ಅವನ್ನೆಲ್ಲಿ ಬಚ್ಚಿಡ್ತೀರಿ?”

“ನಿನ್ನ ತಲೆ ಮೇಲೆ!”

ಮುಂದಿನ ಸೀಟಿನ ಹೆಂಗಸೊಬ್ಬಳು ನಗುತ್ತ ಹಿಂದೆ ತಿರುಗಿ, “ತಾಯಿ ಮಗಳು ಸರಿಯಾಗೇ ಇದೀರ ಬಿಡಿ,” ಎಂದಳು.

“ಅತ್ತೆ ಸೊಸೆ ಕಣಮ್ಮ. ನೀನು ಮುಂದೆ ನೋಡ್ಕೊಂಡು ಕೂತ್ಕೋ, ನಮ್ದಿನ್ನೂ ಮುಗಿದಿಲ್ಲ,” ಎಂದರು ವರಲಕ್ಷ್ಮಮ್ಮ.

ಶಿಡ್ಲಘಟ್ಟ ಬಂದಾಗಲೂ ಮುಗಿದಿರಲಿಲ್ಲ. ಇಬ್ಬರೂ ಉಂಡೆಗಳನ್ನು ಎದೆಗವಚಿಕೊಂಡು, ಜಗಳವಾಡುತ್ತಲೇ ಬಸ್ಸಿನಿಂದ ಇಳಿದರು.